ಗ್ಯಾಲಹರ್ ಮನೆತನದ ಸೊಸೆ

ನನ್ನ ಗಂಡನ ಮನೆತನದ ಹೆಸರು ಗ್ಯಾಲಹರ್. ಅಪ್ಪಟ ಐರಿಷ್ ಹೆಸರು. ಗಂಡನ ಬಣ್ಣ ಮಾತ್ರ ಅಪ್ಪಟ ನೇರಳೆ ಹಣ್ಣಿನದು. ಇವೆರಡೂ ಒಬ್ಬನೇ ಮನುಷ್ಯನಲ್ಲಿ ಹೇಗೆ ಸೇರಿದವು ಎಂದು ಹದಿನಾಲ್ಕು ವರ್ಷ ನಾನು ಒಮ್ಮೆಯೂ ಕೇಳಲಿಲ್ಲ ಎಂದರೆ ನನ್ನ ಬುದ್ಧಿಗೆ ಏನೆನ್ನಬೇಕು? ಐರ್ಲೆಂಡಿನಿಂದ ಬಂದು ಘಟ್ಟದ ಮೇಲೆ ಕಾಫಿ ತೋಟ ಮಾಡಿದ ದೊರೆಯೊಬ್ಬರ ಮೊಮ್ಮಗ ಇವರು ಎಂದು ನಮ್ಮ ಕಡೆಯವರಿಗೆಲ್ಲ ಗೊತ್ತಿತ್ತು. ತಂದೆ ತಾಯಿ ಬೇಗ ತೀರಿಕೊಂಡರು, ತೋಟ ಯಾರದ್ದೋ ಪಾಲಾಯಿತು, ಇವರು ಸಿಸ್ಟರುಗಳ ಬೋರ್ಡಿಂಗಿನಲ್ಲಿ ಓದಿದರು. ಕಥೆ ಇಷ್ಟೇ. ಘಟ್ಟದ ಮೇಲೆ ಬೆಳೆದವರಾದ್ದರಿಂದ ಇವರಿಗೆ ಕೊಂಕಣಿ ಬಾರದು. ಹಾಗಾಗಿ ಕುವೈತಿನ ನಮ್ಮ ಮನೆಯಲ್ಲಿ ಮಾತೆಲ್ಲ ಕನ್ನಡ.

ಮಂಗಳೂರು ಕಡೆಯ ಕ್ಯಾಥಲಿಕರಾದ ನಮ್ಮ ಹೆಸರುಗಳೆಲ್ಲ ಪೋರ್ಚುಗೀಸರು ಕೊಟ್ಟು ಹೋದವು. ಇಷ್ಟು ದೊಡ್ಡ ಸಮುದಾಯಕ್ಕೆ ಹೆಸರು ಬೆರಳೆಣಿಕೆಯಷ್ಟು. ಕುವೈತಿನಲ್ಲಿ ಶುಕ್ರವಾರ ರಜೆಯಾದ್ದರಿಂದ ಶುಕ್ರವಾರವೇ ನಮ್ಮ ಭಾನುವಾರ. ಆ ದಿನ ಚರ್ಚಿನ ಅಂಗಳದಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ನನ್ನ ತವರಿನ ಹೆಸರಿನ ನಾಲ್ಕು ಜನರಿಗೆ ತಾಗುತ್ತಿತ್ತು. ಹಾಗಾಗಿ ಹೊಸಬರು ಸಿಕ್ಕಿದರೆ ನಾವು ಹೆಸರು ಕೇಳಿ ಸುಮ್ಮನಾಗುವುದಿಲ್ಲ. ಯಾವ ಫಿರ್ಗಜ್, ಅಂದರೆ ಊರಿನಲ್ಲಿ ಯಾವ ಚರ್ಚಿಗೆ ಸೇರಿದವರು, ಯಾವ ಮನೆ, ಅಜ್ಜ ಯಾರು, ಅಜ್ಜಿಯ ತವರು ಯಾವುದು ಎಂದು ನಿಂತ ನಿಲುವಿನಲ್ಲೇ ಮೂರು ತಲೆಮಾರು ಜಾಲಾಡಿಬಿಡುತ್ತೇವೆ. ಈ ಪರೀಕ್ಷೆಯಲ್ಲಿ ನನ್ನ ಗಂಡ ಪಾಸಾಗುತ್ತಿದ್ದದ್ದು ಹೆಸರಿನ ಬಲದಿಂದಲೇ. ಗ್ಯಾಲಹರ್ ಎಂದೊಡನೆ ಎದುರಿನವರ ಹುಬ್ಬು ಮೇಲೇರುತ್ತಿತ್ತು. ಮುಂದಿನ ಪ್ರಶ್ನೆ ಬರುವ ಮೊದಲೇ ನಾನು ಕಾಫಿ ತೋಟದ ಅಜ್ಜನನ್ನು ಮುಂದೆ ನಿಲ್ಲಿಸಿಬಿಡುತ್ತಿದ್ದೆ. ಇವರು ಆಗ ಕಾರು ನೋಡಿ ಬರುತ್ತೇನೆಂದು ಪಾರ್ಕಿಂಗ್ ಕಡೆ ಹೊರಡುತ್ತಿದ್ದರು.

ಹೆಸರು ಒಮ್ಮೆ ನಮಗೆ ಚೆನ್ನಾಗಿ ಅವಮಾನವನ್ನೂ ಮಾಡಿತ್ತು. ಯಾವುದೋ ಕಂಪನಿಗೆ ಇವರು ಅರ್ಜಿ ಹಾಕಿದ್ದಾಗ ಮರುದಿನವೇ ಫೋನು ಬಂತು. "ಮಿಸ್ಟರ್ ಗ್ಯಾಲಹರ್, ಯಾವಾಗ ಬರುತ್ತೀರಿ?" ಎಂದು ಬೆಣ್ಣೆಯಂಥ ಮಾತು. ಇವರು ಇಸ್ತ್ರಿ ಶರ್ಟು ಹಾಕಿಕೊಂಡು ಹೋದರೆ, ಸ್ವಾಗತಕ್ಕೆ ನಿಂತವನು ಇವರನ್ನೇ ದಾಟಿಕೊಂಡು ಬಾಗಿಲ ಆಚೆ ಯಾರನ್ನೋ ಹುಡುಕಿದನಂತೆ. ಪಾಸ್‌ಪೋರ್ಟಿನ ಬಣ್ಣ ನೋಡಿದ ಮೇಲೆ ಕುರ್ಚಿಯನ್ನೂ ಕೊಡಲಿಲ್ಲ. ನಾನು ಕೆಂಡವಾದೆ. ಇವರು ಮಾತ್ರ, "ತಪ್ಪು ಅವರದ್ದಲ್ಲ ಬಿಡು," ಎಂದು ಮೊದಲಿನಂತೆ ಅರ್ದಿಯಾ ಎಂಬ ಕಡೆಯ ಗೋದಾಮಿಗೆ ಸ್ಟೋರ್ ಕೀಪರ್ ಕೆಲಸಕ್ಕೆ ಹೋದರು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಮ್ಮ ಒಬ್ಬಳೇ ಮಗಳಿಗೆ ಹನ್ನೆರಡು ವರ್ಷ. ಅವಳ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು: ನಿಮ್ಮ ಮನೆತನದ ಹೆಸರು ಎಲ್ಲಿಂದ ಬಂತು, ಅದರ ಅರ್ಥವೇನು, ಈಗ ಆ ಹೆಸರಿನವರು ಲೋಕದಲ್ಲಿ ಎಲ್ಲೆಲ್ಲಿದ್ದಾರೆ. ದೊಡ್ಡ ರಟ್ಟಿನ ಮೇಲೆ ಭೂಪಟ ಅಂಟಿಸಿ ಚುಕ್ಕೆ ಇಟ್ಟು ತೋರಿಸಬೇಕು. ನನಗಂತೂ ಹಬ್ಬ. ಕ್ಲಾಸಿನಲ್ಲಿ ಇಂಥ ಹೆಸರು ಬೇರೆ ಯಾರಿಗಿದೆ? ಊಟಕ್ಕೆ ಕುಳಿತಾಗ ಇವರಿಗೆ ಹೇಳಿದೆ.

"ಬೇಡ," ಎಂದರು.

"ಎಂಥ ಬೇಡ?"

"ನಿನ್ನ ಅಮ್ಮನ ಮನೆಯ ಹೆಸರು ಬರೀಲಿ. ಅದಕ್ಕೂ ಮೂಲ ಇದೆ, ಅರ್ಥ ಇದೆ."

"ಆ ಹೆಸರಿನ ಚುಕ್ಕೆ ಇಟ್ಟರೆ ಭೂಪಟವೇ ಕಾಣ್ಲಿಕ್ಕಿಲ್ಲ ಮಾರಾಯ್ರೇ!" ಎಂದು ನಾನು ನಕ್ಕೆ.

ಇವರು ನಗಲಿಲ್ಲ. ತಟ್ಟೆಯನ್ನು ಮುಂದಕ್ಕೆ ತಳ್ಳಿ, "ನನ್ನ ಹತ್ರ ಇರೋದು ಅದೊಂದೇ. ಅದನ್ನ ಕೆದಕಬೇಡಿ, ಇಬ್ಬರಿಗೂ ಹೇಳ್ತಿದೀನಿ!" ಎಂದರು. ಮದುವೆಯಾದಂದಿನಿಂದ ಇವರು ಗಂಟಲು ಏರಿಸಿದ್ದು ಅದೇ ಮೊದಲು. ಮಗಳು ಚಮಚ ಕೈಯಲ್ಲಿ ಹಿಡಿದು ಹಾಗೇ ಕುಳಿತಳು. ನಾನು ಬೆಪ್ಪಾದೆ. ಆದರೆ ಬೇಡ ಎಂದದ್ದನ್ನು ಬಿಟ್ಟುಬಿಡುವ ಜಾತಿಯೇ ನನ್ನದು? ಕೈ ತಪ್ಪಿಹೋದ ತೋಟದ ನೆನಪು ಇವರಿಗೆ ಬೇಸರ ತರುತ್ತದೆ ಎಂದು ನಾನೇ ಒಂದು ಕಾರಣ ಕಟ್ಟಿಕೊಂಡೆ. ಇವರು ಕೆಲಸಕ್ಕೆ ಹೋದ ಮೇಲೆ, "ನೀನು ಬರಿ ಮಗಾ, ಪಪ್ಪನಿಗೆ ಕೊನೆಗೆ ತೋರಿಸಿದರಾಯಿತು," ಎಂದು ಮಗಳಿಗೆ ಧೈರ್ಯ ಕೊಟ್ಟೆ.

ನಾನು ಆಗ ಸಾಲ್ಮಿಯಾದ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ. ಆ ತಿಂಗಳು ನಮಗೆ ಹೊಸ ಮೇಟ್ರನ್ ಬಂದಿದ್ದರು, ಐರ್ಲೆಂಡಿನ ಹೆಂಗಸು. ನರ್ಸ್‌ಗಳೆಲ್ಲ ಅವರನ್ನು ಮೇಟ್ರನ್ ಎಂದೇ ಕರೆಯುತ್ತಿದ್ದರು, ನನಗೂ ಅವರ ಪೂರ್ತಿ ಹೆಸರು ತಿಳಿದಿರಲಿಲ್ಲ. ಐರ್ಲೆಂಡಿನವರಾದರೆ ಅರ್ಥ ಗೊತ್ತಿದ್ದೀತು ಎಂದು ಮಧ್ಯಾಹ್ನದ ಟೀ ಹೊತ್ತಿಗೆ ಅವರ ಕೋಣೆಗೆ ಹೋದೆ. ಬಾಗಿಲ ಮೇಲಿನ ಫಲಕ ನೋಡಿದೆ. ಗ್ಯಾಲಹರ್! ನನ್ನದೇ ಹೆಸರು, ಕೆಂಪು ಕೂದಲಿನ ಬಿಳಿ ಹೆಂಗಸಿನ ಬಾಗಿಲ ಮೇಲೆ. ಒಳಗೆ ನುಗ್ಗಿ ನನ್ನ ಗುರುತಿನ ಚೀಟಿಯನ್ನು ಅವರ ಮೂಗಿನ ಕೆಳಗೆ ಹಿಡಿದೆ. ಅವರೂ "ಓ ದೇವರೇ!" ಎಂದು ಎದ್ದು ನಿಂತರು.

ಅವರು ಹೇಳಿದ್ದನ್ನೆಲ್ಲ ಲ್ಯಾಬಿನ ಚೀಟಿಗಳ ಹಿಂಬದಿಯಲ್ಲೇ ಬರೆದುಕೊಂಡೆ. ಐರ್ಲೆಂಡಿನ ವಾಯವ್ಯ ಮೂಲೆಯಲ್ಲಿ ಡೊನೆಗಲ್ ಎಂಬ ಸೀಮೆಯಿದೆ, ಆ ಹೆಸರಿನ ಬೇರು ಅಲ್ಲಿ. ಅಲ್ಲಿಯ ದೊರೆಗಳ ಸೈನ್ಯ ನಡೆಸಿದ ಮನೆತನವಂತೆ. ಸೈನ್ಯ ಎಂದ ಕೂಡಲೇ ನನ್ನ ಬೆನ್ನು ನೆಟ್ಟಗಾಯಿತು. ಇಂದಿಗೂ ಆ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳುವ ಹೆಸರು ಇದೇ. ಅವರ ಹಳ್ಳಿಯಲ್ಲಂತೂ ಮನೆ ಮನೆಗೂ ಗ್ಯಾಲಹರ್ ಆಗಿ, ಆ ಹೆಸರನ್ನು ಯಾರೂ ಬಳಸುವುದೇ ಇಲ್ಲವಂತೆ. ಇಂಥವನ ಮಗ, ಇಂಥವನ ಮೊಮ್ಮಗ ಎಂದೇ ಕರೆಯುವುದು, ಇಲ್ಲಿ ಕುವೈತಿಗಳು ಅಪ್ಪ ಅಜ್ಜಂದಿರ ಹೆಸರು ಸೇರಿಸಿ ಹೇಳುವ ಹಾಗೆ. ಹೊಟ್ಟೆಪಾಡಿಗೆ ಹಡಗು ಹತ್ತಿದವರು ಗ್ಲಾಸ್ಗೋ, ಫಿಲಡೆಲ್ಫಿಯಾ, ನ್ಯೂಯಾರ್ಕ್, ಆಸ್ಟ್ರೇಲಿಯಾ ಎಂದು ಚೆದುರಿದರು.

"ಅರ್ಥ ಏನು ಮೇಟ್ರನ್?" ಎಂದೆ.

"ನಮ್ಮ ಹಳೆಯ ಭಾಷೆಯಲ್ಲಿ ಹೊರದೇಶದ ಸಹಾಯಕ ಎಂದು. ಫಾರಿನ್ ಹೆಲ್ಪರ್."

"ಹೆಲ್ಪರಾ?" ಎಂದು ಕಿರುಚಿದೆನೇನೋ, ಹೊರಗಿದ್ದ ನರ್ಸ್ ಇಣುಕಿ ನೋಡಿದಳು. ಇಕಾಮಾ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿಯ ಮೇಲೆ ಹೆಲ್ಪರ್ ಎಂದು ಬರೆಸಿಕೊಂಡು ಬಂದವರನ್ನು ಈ ಊರಿನಲ್ಲಿ ನಾವೇ ಎಷ್ಟು ಕೀಳಾಗಿ ನೋಡುತ್ತಿದ್ದೆವು! ದೊರೆಗಳ ಹೆಸರು ಎಂದು ತಲೆಯ ಮೇಲೆ ಹೊತ್ತು ಮೆರೆದದ್ದು ಇದನ್ನೇ? ಮೇಟ್ರನ್ ಹೊಟ್ಟೆ ಹಿಡಿದು ನಕ್ಕು, "ಹಾಗೆ ನೋಡಿದರೆ ಕುವೈತಿಗೆ ಬಂದ ನಾವೆಲ್ಲರೂ ಗ್ಯಾಲಹರುಗಳೇ," ಎಂದರು. ಆಮೇಲೆ ಪೆನ್ನು ತೆಗೆದುಕೊಂಡು, "ನಿನ್ನ ಗಂಡನ ತಂದೆ ಯಾರು, ಅಜ್ಜ ಯಾರು ಹೇಳು, ಊರಿಗೆ ಬರೆದು ಕೇಳುತ್ತೇನೆ," ಎಂದರು.

ಮಾವನ ಹೆಸರು ಇವರ ಪಾಸ್‌ಪೋರ್ಟಿನಲ್ಲಿತ್ತು, ಹೇಳಿದೆ. ಅಜ್ಜನ ಹೆಸರು? ಮೂರು ತಲೆಮಾರು ಜಾಲಾಡುವ ನಾನು ನನ್ನ ಗಂಡನ ಅಜ್ಜನ ಹೆಸರನ್ನೇ ಕೇಳಿರಲಿಲ್ಲ. ನಾಚಿಕೆಯಿಂದ ನಾಲಿಗೆ ಕಚ್ಚಿಕೊಂಡೆ.

ಮನೆಗೆ ಬಂದು ಮಗಳ ಜೊತೆ ಭೂಪಟದ ಮೇಲೆ ಚುಕ್ಕೆ ಇಡುತ್ತಾ ಕುಳಿತೆ. ಡೊನೆಗಲ್‌ಗೆ ಕೆಂಪು, ಗ್ಲಾಸ್ಗೋಗೆ ನೀಲಿ. "ಅಂಡ್ ಕುವೈತ್, ಮಮ್ಮಿ?" ಎಂದಳು ಮಗಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳೇ ಟೆಲಿಫೋನ್ ಡೈರೆಕ್ಟರಿ ಎಳೆದು ತಂದಳು. ನಮ್ಮದು ಬಿಟ್ಟರೆ ಆ ಹೆಸರಿನ ಎರಡೇ ನಂಬರುಗಳಿದ್ದವು. ಒಂದು ಎಣ್ಣೆ ಕಂಪನಿಯವರು ಇರುವ ಕಡೆಯದು, ಅಲ್ಲಿ ಯಾರೂ ಎತ್ತಲಿಲ್ಲ. ಇನ್ನೊಂದು ಜಹ್ರಾದ್ದು. ಮರಳುಗಾಡಿನ ಅಂಚಿನ ಕುವೈತಿಗಳ ಊರಾದ ಜಹ್ರಾದಲ್ಲಿ ಐರಿಷ್ ದೊರೆಗೇನು ಕೆಲಸ ಎಂದುಕೊಂಡೇ ನಂಬರು ಒತ್ತಿದೆ. ಮಗಳು ಬರೆದುಕೊಳ್ಳಲಿ ಎಂದು ಸ್ಪೀಕರ್ ಕೂಡ ಹಾಕಿದೆ. ನನ್ನ ಕೈಗೆ ಅದೇನು ಕೇಡು ಬಡಿದಿತ್ತೋ!

ಗಂಡಸಿನ ದನಿ ಬಂತು. ನಾನು ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಂಡೆ. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಆ ಕಡೆಯಿಂದ ಕನ್ನಡ ಬಂತು.

"ಮ್ಯಾಡಂ, ನೀವು ಮಂಗಳೂರು ಕಡೆಯವರಲ್ವಾ?"

"ಹೌದು. ನೀವು ಐರಿಷ್ ಅಲ್ವಾ?"

ಆತ ನಕ್ಕ. "ಹೆಸರು ಮಾತ್ರ ಮ್ಯಾಡಂ. ನಾನು ಇಲ್ಲೇ ಕ್ಲಿನಿಕ್ಕಲ್ಲಿ ಎಕ್ಸ್‌ರೇ ತೆಗೆಯೋನು. ನಿಮ್ಮ ಹಸ್ಬೆಂಡು ಯಾವ ಊರು?"

ಬೋರ್ಡಿಂಗ್ ಇದ್ದ ಘಟ್ಟದ ಮೇಲಿನ ಊರಿನ ಹೆಸರು ಹೇಳಿದೆ. ಆಮೇಲೆ ಆತ, "ಅವರ ಪಾಸ್‌ಪೋರ್ಟಲ್ಲಿ ತಂದೆ ಹೆಸರು ಏನಿದೆ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ನನ್ನ ಮಾವನ ಹೆಸರನ್ನು ತಾನೇ ಹೇಳಿಬಿಟ್ಟ.

"ಅಯ್ಯೋ ದೇವರೇ! ನಿಮಗೆ ಹೇಗೆ ಗೊತ್ತು?"

"ನನ್ನ ಪಾಸ್‌ಪೋರ್ಟಲ್ಲೂ ಅದೇ ಇದೆ ಮ್ಯಾಡಂ."

ಇವರಿಗೆ ಒಬ್ಬ ತಮ್ಮನಿದ್ದಾನೆ! ಒಡಹುಟ್ಟಿದ ತಮ್ಮ ನನ್ನಿಂದ ಅರ್ಧ ಗಂಟೆಯ ದಾರಿಯಲ್ಲಿದ್ದಾನೆ! ನಾನು ಹಾಗೇ ತಿಳಿದೆ. "ನೀವು ನನ್ನ ಮೈದುನನಾ ಹಾಗಾದ್ರೆ?" ಎಂದೆ.

"ಒಂದು ಲೆಕ್ಕದಲ್ಲಿ ಹೌದು," ಎಂದು ಆತ ಮತ್ತೆ ನಕ್ಕ. "ಹಾಗೆ ನೋಡಿದ್ರೆ ನಾವು ಹನ್ನೊಂದು ಜನ ಅಣ್ಣತಮ್ಮಂದಿರು. ಅನಾಥಾಶ್ರಮ ಮ್ಯಾಡಂ. ಗೇಟಿನ ಹತ್ರ, ಬಸ್‌ಸ್ಟ್ಯಾಂಡಲ್ಲಿ ಬಿಟ್ಟುಹೋದ ಮಕ್ಕಳು ನಾವು. ಒಬ್ಬರು ಮುದಿ ಐರಿಷ್ ಫಾದರ್ ಇದ್ರು. ಅಪ್ಪನ ಹೆಸರು ಇಲ್ಲದೆ ಮಕ್ಕಳನ್ನ ಶಾಲೆಗೆ ಹೇಗೆ ಸೇರಿಸೋದು ಅಂತ ತಮ್ಮ ಹೆಸರನ್ನೇ ಕೊಟ್ಟುಬಿಟ್ರು. ಊರವರು ಬಾಯಿಗೆ ಬಂದ ಹಾಗೆ ಆಡಿಕೊಂಡ್ರು, ಅವರು ಕ್ಯಾರೇ ಅನ್ನಲಿಲ್ಲ. ನಿಮ್ಮ ಹಸ್ಬೆಂಡು ಇದನ್ನೆಲ್ಲ ಹೇಳಿರ್ತಾರಲ್ಲ?"

"ಹೌದು, ಹೇಳಿದ್ದಾರೆ," ಎಂದೆ. ಅದು ಹೇಗೆ ಆ ಸುಳ್ಳು ನನ್ನ ಬಾಯಿಗೆ ಬಂತೋ ಗೊತ್ತಿಲ್ಲ. ಫೋನ್ ಇಟ್ಟೆ. ಮಗಳು ಪೆನ್ಸಿಲ್ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಪುಸ್ತಕದಲ್ಲಿ ಹನ್ನೊಂದು ಎಂದು ಬರೆದುಕೊಂಡಿದ್ದಳು.

"ಪಪ್ಪನಿಗೆ ಹೇಳಬೇಡ. ನಾವು ಫೋನ್ ಮಾಡಲೇ ಇಲ್ಲ, ತಿಳೀತಾ?" ಎಂದೆ.

"ವೈ?"

ಯಾಕೆ ಎಂದು ನಾನು ಅವಳಿಗೆ ಏನು ಹೇಳಲಿ? ನನ್ನ ತಲೆಯಲ್ಲಿ ಆಗ ಓಡುತ್ತಿದ್ದದ್ದನ್ನು ಇಂದು ಬರೆಯುವುದಕ್ಕೂ ನಾಚಿಕೆಯಾಗುತ್ತದೆ. ಅಯ್ಯೋ ಪಾಪ ಎಂದು ನನಗೆ ಅನ್ನಿಸಲಿಲ್ಲ. ಯಾರ ಮಗನೋ, ಯಾವ ಜಾತಿಯವಳು ಹೆತ್ತದ್ದೋ, ಚರ್ಚಿನ ಅಂಗಳದಲ್ಲಿ ಇದು ಗೊತ್ತಾದರೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದು ಅನ್ನಿಸಿತು. ಒಂದೇ ಹಾಸಿಗೆಯಲ್ಲಿ ಇಷ್ಟು ವರ್ಷ ಮಲಗಿದ ಗಂಡನ ಬಗ್ಗೆ ಹಾಗೆ ಯೋಚಿಸಿದವಳು ನಾನು.

ಸಂಜೆ ಆರಕ್ಕೆ ಇವರು ಬಂದರು. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಳಿತು ಬೂಟು ಬಿಚ್ಚುತ್ತಿದ್ದರು. ಮಗಳಿಗೆ ತಡೆಯಲಾಗಲಿಲ್ಲ. "ಪಪ್ಪಾ, ದೇರ್ ಈಸ್ ಅನದರ್ ಗ್ಯಾಲಹರ್ ಇನ್ ಜಹ್ರಾ!" ಎಂದುಬಿಟ್ಟಳು.

ಇವರು ಅವಳನ್ನು ನೋಡಲಿಲ್ಲ. ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಫೋನ್ ಮಾಡಿದ್ರಾ?"

ನಾನು ಹೌದೆಂದು ತಲೆಯಾಡಿಸಿದೆ.

"ಈ ಮುಖ ನೋಡಬೇಕಾಗುತ್ತೆ ಅಂತಲೇ ಬೇಡ ಅಂದಿದ್ದೆ," ಎಂದರು. "ಒಂದು ಸಲವಾದ್ರೂ ಕನ್ನಡೀಲಿ ನೋಡ್ಕೋ, ಹೇಗಿದೆ ಅಂತ."

"ಹಾಗಾದ್ರೆ ನೀವು ಯಾರು?" ಎಂದೆ. ಬಾಯಿಯಿಂದ ಬಂದುಬಿಟ್ಟಿತು. ಹಿಂದಕ್ಕೆ ನುಂಗಲು ಆಗುವ ಮಾತಲ್ಲ ಅದು.

"ಗೊತ್ತಿಲ್ಲ ಮಾರಾಯ್ತಿ. ಗೊತ್ತಿದ್ರೆ ಹೇಳ್ತಿದ್ದೆ," ಎಂದರು ಇವರು. ಸಿಟ್ಟೇ ಇರಲಿಲ್ಲ ಆ ದನಿಯಲ್ಲಿ. ಬಸ್‌ಸ್ಟ್ಯಾಂಡಿನ ಬೆಂಚಿನ ಕೆಳಗೆ ಸಿಕ್ಕಾಗ ಮೂರು ನಾಲ್ಕು ದಿನದ ಮಗುವಾಗಿದ್ದಿರಬೇಕು ಎಂದು ಸಿಸ್ಟರ್ ಅಂದಾಜು ಮಾಡಿದ್ದರಂತೆ. ಅಂದರೆ ನಾನು ವರ್ಷ ವರ್ಷ ಕೇಕು ಮಾಡಿ ನೆಂಟರಿಷ್ಟರನ್ನು ಕರೆಯುತ್ತಿದ್ದ ಹುಟ್ಟುಹಬ್ಬವೂ ಅಂದಾಜಿನದೇ! ಜಹ್ರಾದವನ ವಿಷಯ ಇವರಿಗೆ ಮೊದಲೇ ಗೊತ್ತಿತ್ತು. "ಅವನನ್ನ ಸೊಂಟದ ಮೇಲೆ ಹೊತ್ತು ತಿರುಗಿದೋನು ನಾನು. ಐದು ವರ್ಷದ ಹಿಂದೆ ಸಿಟಿ ಚರ್ಚಲ್ಲಿ ಕಂಡ. ನೀನು ಪಕ್ಕದಲ್ಲೇ ಇದ್ದೆ. ನಾನು ಕಂಬದ ಮರೆಗೆ ಹೋದೆ." ಅದಾದ ಮೇಲೆ ಸಿಟಿಯ ಚರ್ಚು ದೂರವಾಗುತ್ತದೆ, ಸಾಲ್ಮಿಯಾದಲ್ಲೇ ಪೂಜೆಗೆ ಹೋಗೋಣ ಎಂದು ಇವರು ಹಟ ಹಿಡಿದದ್ದು ನನಗೆ ನೆನಪಿತ್ತು. ಪೆಟ್ರೋಲ್ ಉಳಿಸಲಿಕ್ಕೆ ಎಂದು ಆಗ ನಾನು ಗೇಲಿ ಮಾಡಿದ್ದೆ. ಎತ್ತಿ ಆಡಿಸಿದ ತಮ್ಮನಿಂದ ಒಬ್ಬ ಮನುಷ್ಯ ನನ್ನ ಭಯಕ್ಕೆ ಬಚ್ಚಿಟ್ಟುಕೊಂಡಿದ್ದ.

ಮಗಳು ಮಾತ್ರ ರಟ್ಟನ್ನು ಎಳೆದು ತಂದು ಇವರ ಕಾಲ ಬುಡದಲ್ಲಿ ಹರಡಿದಳು. ಅವಳ ಮುಖದಲ್ಲಿ ಭಯವಾಗಲಿ ನಾಚಿಕೆಯಾಗಲಿ ಹುಡುಕಿದರೂ ಇರಲಿಲ್ಲ. "ಸೋ ದೇರ್ ಆರ್ ಇಲೆವೆನ್, ಪಪ್ಪಾ. ಯು ಅಂಡ್ ಜಹ್ರಾ ಅಂಕಲ್. ವೇರ್ ಆರ್ ದ ಅದರ್ಸ್?" ಎಂದು ಪೆನ್ಸಿಲ್ ಹಿಡಿದು ಕಾಯುತ್ತಾ ಕುಳಿತಳು.

ಇವರು ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟರು. ಆಮೇಲೆ ಸ್ಟೂಲಿನಿಂದ ನೆಲಕ್ಕೆ ಇಳಿದು, "ಒಬ್ಬ ಹುಬ್ಬಳ್ಳಿ. ರೈಲ್ವೇಲಿದ್ದಾನೆ," ಎಂದರು. "ಇನ್ನೊಬ್ಬ ಗೋವಾ, ಹೋಟೆಲಲ್ಲಿ ಅಡುಗೆ ಮಾಡ್ತಾನೆ." ಹನ್ನೊಂದು ಜನರ ಜಾಗವೂ ಇವರಿಗೆ ಬಾಯಿಪಾಠ! ನನ್ನ ಕಡೆಯ ನೆಂಟರ ಮದುವೆಗಳಲ್ಲಿ ಯಾರ ಹೆಸರೂ ನೆನಪಿಲ್ಲದೆ ಮೂಲೆಯಲ್ಲಿ ಕೂರುತ್ತಿದ್ದ ಮನುಷ್ಯ ಇವರೇನಾ? ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡು ಮಂಗಳೂರಿಗೆ ಫೋನ್ ಮಾಡಿದೆ. ಯಾರ ಮೇಲಾದರೂ ಹರಿಹಾಯಬೇಕಿತ್ತು ನನಗೆ. ಈ ಸಂಬಂಧ ಹುಡುಕಿದ್ದು ನನ್ನ ಅಮ್ಮ.

"ಹಿಂದೆ ಮುಂದೆ ವಿಚಾರಿಸದೆ ಕೊಟ್ಟೆಯಲ್ಲ ಮಾಂಯ್! ನನ್ನ ಗಂಡ ಯಾರ ಮಗ ಅಂತ ಗೊತ್ತುಂಟಾ ನಿಂಗೆ?" ಎಂದು ಶುರು ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ.

ಅಮ್ಮ ಪೂರ್ತಿ ಕೇಳಿಸಿಕೊಂಡಳು. "ಮುಗೀತಾ?" ಎಂದಳು. "ಅದೆಲ್ಲ ನಂಗೆ ಗೊತ್ತಿತ್ತು ಬಾಯೆ. ಮೊದಲ ದಿನವೇ ಅವನು ಎಲ್ಲಾ ಹೇಳಿದ್ದ. ಗೊತ್ತಿದ್ದೇ ಕೊಟ್ಟೆ. ಹುಡುಗ ಬಂಗಾರದಂಥವನು. ನಿನ್ನ ಬಾಯಿಗೆ ಅತ್ತೆ ಇರುವ ಮನೆ ಹೊಂದುವುದೂ ಇಲ್ಲ."

"ಗೊತ್ತಿತ್ತಾ? ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನಾನೇ ಹೇಳ್ತೇನೆ, ಅದು ನಾನೇ ಹೇಳಬೇಕಾದ ಮಾತು ಅಂದ ಅವನು. ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರ ಇತ್ತಲ್ಲ? ನಿಂಗೆ ತೆಂಗಿನಹಾಲು ಹಚ್ಚಲಿಕ್ಕೆ ಮನೆ ತುಂಬ ಜನ. ಅವನಿಗೆ ಹಚ್ಚಲಿಕ್ಕೆ ಯಾರಿದ್ದಾರೆ? ಹಿಂದಿನ ಜಗಲಿಗೆ ಬಾ ಮಗಾ ಅಂತ ನಾನೇ ಕರೆದು ಎರಡು ಕೈ ಹಚ್ಚಿದೆ. ಹಾಗೇ ಒಳಗೆ ಬಂದು ನಿನ್ನ ಹತ್ರ ಮಾತಾಡಿ ಹೋಗ್ತೇನೆ ಅಂದ. ಬಾಗಿಲ ತನಕ ಬಂದ ಕೂಡ."

"ಆಮೇಲೆ?"

"ನೀನು ಹುಡುಗಿಯರ ಮಧ್ಯೆ ಕೂತು ಗಟ್ಟಿಯಾಗಿ ಹೇಳ್ತಿದ್ದೆ. ನಾಳೆಯಿಂದ ನಾನು ಐರ್ಲೆಂಡಿನ ದೊರೆಯ ಮನೆ ಸೊಸೆ, ಅವರ ಅಜ್ಜನಿಗೆ ಘಟ್ಟದ ಮೇಲೆ ಕಾಫಿ ತೋಟ ಇತ್ತು ಅಂತ. ಯಾರು ಹೇಳಿದ್ರು ನಿಂಗೆ ಅದನ್ನು? ನಾನು ಹೇಳಲಿಲ್ಲ, ಅವನೂ ಹೇಳಲಿಲ್ಲ. ಇವತ್ತು ಬೇಡ ಮಾಂಯ್, ಅವಳು ಅಷ್ಟು ಖುಷಿಯಲ್ಲಿದ್ದಾಳೆ, ನಿಧಾನ ಹೇಳ್ತೇನೆ ಅಂತ ಹೊರಟುಹೋದ." ಅಮ್ಮ ಕೇಳಿದಳು, "ಇಷ್ಟು ವರ್ಷ ಆಯ್ತು. ಇನ್ನೂ ಹೇಳಲಿಲ್ವಾ ಅವನು?"

ಆ ಅಜ್ಜನ ಬಗ್ಗೆ ಇವರ ಬಾಯಿಯಿಂದ ಒಂದೇ ಒಂದು ಮಾತು ಕೇಳಿದ್ದೆನೇ ಎಂದು ಹದಿನಾಲ್ಕು ವರ್ಷವನ್ನೂ ತಡಕಾಡಿದೆ. ಇಲ್ಲ. ಆ ಅಜ್ಜನನ್ನು ಐರ್ಲೆಂಡಿನಿಂದ ಹಡಗು ಹತ್ತಿಸಿದವಳು, ತೋಟ ಕೊಡಿಸಿದವಳು, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ಇವರು ಹೇಳಬೇಕೆಂದಾಗಲೆಲ್ಲ ಆ ಮುದುಕನನ್ನು ಅಡ್ಡ ನಿಲ್ಲಿಸಿದವಳೂ ನಾನೇ.

ಫೋನ್ ಇಟ್ಟು ಕಣ್ಣೊರೆಸಿಕೊಂಡು ಹಾಲ್‌ಗೆ ಬಂದೆ. ಅಪ್ಪ ಮಗಳು ಭೂಪಟದ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದ್ದರು. ಇವರು ನಗುನಗುತ್ತಾ ಏಳನೆಯವನ ತುಂಟತನ ಹೇಳುತ್ತಿದ್ದರು. ನಾನು ಮೆಲ್ಲನೆ ಹೋಗಿ ಪಕ್ಕದಲ್ಲಿ ಕುಳಿತೆ. ನನ್ನನ್ನು ಕಂಡೊಡನೆ ಇವರು ಮಾತು ನಿಲ್ಲಿಸಿದರು.